ಅಮಾವಾಸ್ಯೆಯ ಪಾಠ

ಕಲ್ಯಾಣದುರ್ಗದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲ ಹೊರಗೆ ಹೋದ ತಿಂಗಳು ಒಂದು ಜೊತೆ ಚಪ್ಪಲಿ ಕಂಡಿತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಒಂದರ ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿದ್ದು. ಅದರ ಪಕ್ಕದಲ್ಲಿ ಬೇರೆ ಯಾವ ಚಪ್ಪಲಿಯೂ ಇರಲಿಲ್ಲ. ಒಳಗೆ ಮೂವತ್ತು ಮಕ್ಕಳು ಬೂಟು, ಸ್ಯಾಂಡಲು, ದಾರಿಯ ಧೂಳು ಎಲ್ಲದರ ಸಮೇತ ಆರಾಮಾಗಿ ಕೂತಿದ್ದರು. ಹಾಜರಿ ಪುಸ್ತಕ ಹಿಡಿದುಕೊಂಡು ನಾನು ಆ ಚಪ್ಪಲಿಯ ಮುಂದೆ ಎಷ್ಟು ಹೊತ್ತು ನಿಂತೆನೋ, ಅಟೆಂಡರು ಬಂದು "ಏನಾಯ್ತು ಮೇಡಂ, ಹಾವೇನಾದ್ರೂ ಐತಾ?" ಎಂದು ಕೇಳಿದ.

ಹಾವಲ್ಲ. ಆದರೆ ಇಪ್ಪತ್ತೆರಡು ವರ್ಷದ ಹಿಂದಿನದೊಂದು ಅಲ್ಲಿ ಮಲಗಿತ್ತು ಅಂತ ಅವನಿಗೆ ಹೇಗೆ ಹೇಳುವುದು?

ಈಗಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಎಂದರೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಮನೆಗೆ ಬಂದ ಹಳೆಯ ನೆಂಟರನ್ನು ಸಹಿಸಿಕೊಂಡ ಹಾಗೆ ಅದನ್ನು ಸಹಿಸಿಕೊಳ್ಳುತ್ತಾರೆ. ಅರ್ಜಿ ಹಾಕುವುದು, ರಿಸಲ್ಟ್ ನೋಡುವುದು, ಬಸ್ಸಿನ ಟಿಕೇಟು, ಎಲ್ಲ ಫೋನಿನಲ್ಲೇ. "ಇದೆಲ್ಲ ಫೋನಲ್ಲೇ ಆಯ್ತದಲ್ಲ ಮೇಡಂ, ಇಷ್ಟು ದೊಡ್ಡ ಡಬ್ಬ ಯಾಕೆ?" ಎಂದು ಕಂಬದೂರಿನ ಹುಡುಗನೊಬ್ಬ ನನ್ನನ್ನೇ ವಿಚಾರಿಸಿದ್ದಾನೆ. ಉತ್ತರ ನನಗೂ ಸರಿಯಾಗಿ ಗೊತ್ತಿಲ್ಲ, ಮೇಷ್ಟರ ಗತ್ತಿನಲ್ಲಿ "ಪರೀಕ್ಷೆಗೆ ಬರುತ್ತೆ" ಎಂದೆ. ಹಾಗಂತ ಅವರು ಜಾಣರಲ್ಲ ಅಂತಲ್ಲ. ಫೋನಿನ ಮೇಲೆ ಹಾರಾಡುವ ಅದೇ ಬೆರಳುಗಳು ಕೀಬೋರ್ಡಿನ ಮೇಲೆ ಬಂದರೆ ಮಾತ್ರ ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹೆಕ್ಕುತ್ತವೆ. ಆಗ ಅವರ ಮುಖದಲ್ಲಿ ಒಂದು ನಾಚಿಕೆ ಬರುತ್ತದೆ. ಆ ನಾಚಿಕೆ ನನಗೆ ಇಷ್ಟ. ನಮ್ಮ ಕಾಲದಿಂದ ಉಳಿದಿರುವುದು ಅದೊಂದೇ.

ಚಪ್ಪಲಿ ರೋಜಾಳದ್ದು. ಸೆಟ್ಟೂರಿನ ಕಡೆಯ ಹುಡುಗಿ, ಮೊದಲ ವರ್ಷ. ಯಾಕಮ್ಮ ಹೊರಗೆ ಬಿಟ್ಟೆ ಎಂದರೆ, "ನಮ್ಮವ್ವ ಹೇಳ್ತು ಮೇಡಂ. ವಿದ್ಯೆ ಇರೋ ಕಡೆ ಚಪ್ಪಲಿ ಮೆಟ್ಕಂಡು ಹೋಗ್ಬ್ಯಾಡ ಅಂತ" ಎಂದಳು. ಉಳಿದವರು ಕಿಸಕ್ಕೆಂದರು. ನಾನು ಗದರಿದೆ. ಎಲ್ಲರಿಗೂ ಒಂದು ಪುಟದ ಪತ್ರ ಟೈಪ್ ಮಾಡಲು ಕೊಟ್ಟು ಅವಳ ಹಿಂದೆ ಬಂದು ನಿಂತೆ. ಅರ್ಧ ಪುಟ ಚೆನ್ನಾಗಿಯೇ ಹೊಡೆದಿದ್ದಳು. ಆಮೇಲೆ ಮೇಲೆಲ್ಲೋ ಕಣ್ಣು ನೆಟ್ಟು ನಾಲಿಗೆ ಕಚ್ಚಿಕೊಂಡಳು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಅರ್ಧ ಪುಟ ಕೊನೆಯಿಂದ ಒಂದೊಂದೇ ಅಕ್ಷರ ಕರಗುತ್ತಾ ಎರಡನೆಯ ಸಾಲಿನವರೆಗೆ ಹೋಯಿತು.

"ಯಾಕಮ್ಮ ಎಲ್ಲಾ ಅಳಿಸ್ದೆ?"

"ಮ್ಯಾಲೆ ಒಂದಕ್ಷರ ತಪ್ಪೋಗಿತ್ತು ಮೇಡಂ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾಣದ ಗುರುತಿನ ಕೀಲಿಯೊಂದನ್ನು ತೋರಿಸಲು ಎಷ್ಟು ಹೊತ್ತು ಬೇಕು? ಆದರೂ ಹಾಜರಿ ಪುಸ್ತಕ ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಚಪ್ಪಲಿ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ಪದ್ದಿಯ ಬೆರಳೇ ಆಗಿತ್ತು.

ಪದ್ದಿ, ಅಂದರೆ ಪದ್ಮಾವತಿ, ಹಿಂದೂಪುರದ ನೇಕಾರರ ಮನೆಯ ಹುಡುಗಿ. ನಾನು ಪರಿಗಿ ಹತ್ತಿರದ ಹಳ್ಳಿಯವಳು, ಇಂಟರ್, ಅಂದರೆ ಪಿಯುಸಿ, ಓದಲು ಹಿಂದೂಪುರಕ್ಕೆ ಬರುತ್ತಿದ್ದವಳು. ನಮ್ಮಿಬ್ಬರಿಗೂ ಒಂದೇ ಬೆಂಚು, ಒಂದೇ ಬುತ್ತಿ. ಅವಳ ಡಬ್ಬಿಯ ಚಿತ್ರಾನ್ನ ನನ್ನದು, ನನ್ನ ಡಬ್ಬಿಯ ಮುದ್ದೆ ಅವಳದು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಕಂಪ್ಯೂಟರ್ ಕಲಿಯದವರು ಮನುಷ್ಯರೇ ಅಲ್ಲ ಎಂಬ ಗಾಳಿ ಎದ್ದಿತ್ತು. ನಾವೂ ಒಂದು ಸೆಂಟರಿಗೆ ಹೋಗಿ ಸೇರಿದೆವು. ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ, ಆರು ಕಂಪ್ಯೂಟರು, ಹನ್ನೆರಡು ಜನ. ಒಂದಕ್ಕೆ ಇಬ್ಬರಂತೆ ಹಂಚಿದಾಗ ನಾವಿಬ್ಬರೂ ಕೈಕೈ ಹಿಡಿದು ನಿಂತಿದ್ದೆವು, ಹೇಳಿಕೊಡುವ ಸಾರು ನಮ್ಮನ್ನು ಬೇರೆ ಮಾಡುವ ಧೈರ್ಯ ಮಾಡಲಿಲ್ಲ.

ಮೆಟ್ಟಿಲ ಮೇಲೆ ಹನ್ನೆರಡು ಜೊತೆ ಚಪ್ಪಲಿ. ಒಳಗೆ ಹೋಗುವಾಗ ಕಾಲು ತೊಳೆದವರೂ ಇದ್ದರು. ಪ್ರತಿ ಡಬ್ಬಕ್ಕೂ ಕುಂಕುಮ, ಮೇಲೊಂದು ಬಟ್ಟೆ. ನಮ್ಮ ಡಬ್ಬದ ಮೇಲಿನ ಬಟ್ಟೆ ಪದ್ದಿ ಮನೆಯಿಂದ ತಂದದ್ದು, ರೇಷ್ಮೆಯ ತುಂಡು, ಬಾರ್ಡರ್ ತಪ್ಪಿದ್ದರಿಂದ ಸೀರೆಗೆ ಹೋಗದೆ ಉಳಿದದ್ದು. ಅದನ್ನು ತೆಗೆದು ಮಡಿಸುವಾಗ ಗಂಜಿಯ ವಾಸನೆ ಬರುತ್ತಿತ್ತು. ಇವತ್ತಿಗೂ ಗಂಜಿ ಹಾಕಿದ ಸೀರೆ ಇಸ್ತ್ರಿಗೆ ಕೊಡುವಾಗ ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಇಂಥ ಸಂಬಂಧ ಬೇರೆ ಯಾರಿಗಾದರೂ ಇದೆಯೋ ಇಲ್ಲವೋ ನಾನು ಕಾಣೆ.

ಮೊದಲ ವಾರ ನಾನು ಪಟ್ಟ ಪಾಡು ಹೇಳಬಾರದು, ಹೇಳುತ್ತೇನೆ. ಮೌಸನ್ನು ಬಲಕ್ಕೆ ತಳ್ಳುತ್ತಾ ತಳ್ಳುತ್ತಾ ಮೇಜಿನ ಅಂಚಿಗೆ ಬಂದೆ. ಪರದೆಯ ಮೇಲೆ ಬಾಣ ಇನ್ನೂ ಅರ್ಧ ದಾರಿಯಲ್ಲಿತ್ತು. ಎದ್ದು ನಿಂತು "ಮೇಜು ಸಾಲದು ಸಾರ್" ಎಂದೆ. ನಮ್ಮ ಸಾರು ತೆಲುಗಿನವರು, ಒಳ್ಳೆಯವರೇ, ನಾಲಿಗೆ ಮಾತ್ರ ಸ್ವಲ್ಪ ಚುರುಕು. ನಾನು ಕೀಲಿಗಳನ್ನು ರೊಟ್ಟಿ ತಟ್ಟುವವಳ ಹಾಗೆ ಹೊಡೆಯುವುದನ್ನು ಕಂಡು "ಮೆಲ್ಲಗಾ ನೊಕ್ಕಮ್ಮಾ, ಅದಿ ಪಿಂಡಿ ಕಾದು" ಎನ್ನುತ್ತಿದ್ದರು. ಮೆಲ್ಲಗೆ ಒತ್ತು, ಅದು ಹಿಟ್ಟಲ್ಲ ಅಂತ.

ಪದ್ದಿಗೆ ಆ ಮಾತು ಒಂದು ದಿನವೂ ಬೀಳಲಿಲ್ಲ. ಕೂದಲಿಗಿಂತ ಸಣ್ಣ ಎಳೆ ಕಡಿದರೆ ಕಣ್ಣುಮುಚ್ಚಿ ಗಂಟು ಹಾಕುವ ಬೆರಳುಗಳು ಅವು. ಸೀರೆಯ ಅಂಚಿನ ಹೂವು ಬರೆಯುವ ಚೌಕದ ಕಾಗದದ ಮೇಲೆ ಕೀಬೋರ್ಡನ್ನೇ ಬರೆದುಕೊಂಡು ಮನೆಯಲ್ಲಿ ಮಗ್ಗದ ಪಕ್ಕ ಇಟ್ಟು ಅಭ್ಯಾಸ ಮಾಡುತ್ತಿದ್ದಳು. ಎರಡು ವಾರದಲ್ಲಿ ಕೀಲಿ ನೋಡದೆ ಟೈಪ್ ಮಾಡತೊಡಗಿದಳು. ನಾನು ಅವಳ ಬೆರಳು ನೋಡುತ್ತಾ ಕೂರುತ್ತಿದ್ದೆ. ಹೊಟ್ಟೆಕಿಚ್ಚು ಪಡಬೇಕಾದ ಜಾಗದಲ್ಲಿ ನನಗೆ ಹೆಮ್ಮೆ ಆಗುತ್ತಿತ್ತು. ಆಗಿನ್ನೂ ಆಗುತ್ತಿತ್ತು.

ಒಂದು ಸಂಜೆ ಅವರ ಮನೆಗೆ ಹೋಗಿದ್ದಾಗ ಅವರಪ್ಪ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಲಾಳಿ ಎಸೆಯುತ್ತಲೇ ಕೇಳಿದರು. "ಅದೆಂಗೆ ನಡೀತದಮ್ಮಾ ನಿಮ್ ಕಂಪ್ಯೂಟರು?"

ಪದ್ದಿ ಹೇಳಿದಳು, "ನಮ್ ಮಗ್ಗದಂಗೇ ಕಣಪ್ಪ. ಎಡಕ್ಕಿಂದ ಬಲಕ್ಕೆ ಒಂದು ಸಾಲು ಹೋಯ್ತದೆ. ಮತ್ತೆ ಎಡಕ್ಕೆ ಬಂದು ಇನ್ನೊಂದು ಸಾಲು."

ಅಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದು ಕೇಳಿದರು, "ಹಂಗಾದ್ರೆ ಅದ್ಕೂ ಅಮಾಸೆ ಬಿಡುವು ಕೊಡ್ಬೇಕಲ್ಲಮ್ಮಾ."

ನಾವಿಬ್ಬರೂ ನಕ್ಕೆವು. ಅಪ್ಪ ನಗಲಿಲ್ಲ. ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುವುದಿಲ್ಲ, ಅದು ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಮಗ್ಗದಂಗೆ ಎಂದು ಮಗಳೇ ಒಪ್ಪಿಕೊಂಡಮೇಲೆ ಇನ್ನೇನು? ಆವತ್ತಿನಿಂದ ಪದ್ದಿ ಅಮಾವಾಸ್ಯೆಯ ದಿನ ಸೆಂಟರಿಗೆ ಬರುತ್ತಿರಲಿಲ್ಲ. ಮರುದಿನ ಬಂದು ಬಟ್ಟೆ ಮಡಿಸುತ್ತಾ "ನೆನ್ನೆ ಏನು ಹೇಳ್ಕೊಟ್ರೇ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ.

ಮಗ್ಗದಿಂದ ಅವಳ ಜೊತೆ ಬಂದ ಇನ್ನೊಂದು ಅಭ್ಯಾಸವಿತ್ತು. ನೇಯುವಾಗ ಹತ್ತು ಸಾಲಿನ ಹಿಂದೆ ಒಂದು ಎಳೆ ತಪ್ಪಿದ್ದು ಕಂಡರೆ, ಕೊನೆಯ ಸಾಲಿನಿಂದ ಒಂದೊಂದೇ ಬಿಚ್ಚಿಕೊಂಡು ತಪ್ಪಿದ ಜಾಗಕ್ಕೆ ಹೋಗಬೇಕು, ಅಲ್ಲಿಂದ ಮತ್ತೆ ನೇಯಬೇಕು. ನಡುವೆ ಕೈ ಹಾಕಲಾಗದು. ಪದ್ದಿ ಕಂಪ್ಯೂಟರಿನಲ್ಲೂ ಹಾಗೇ ಮಾಡುತ್ತಿದ್ದಳು. ಮೇಲೆ ಒಂದಕ್ಷರ ತಪ್ಪಿದ್ದು ಕಂಡರೆ ಕೆಳಗಿನಿಂದ ಅಷ್ಟನ್ನೂ ಅಳಿಸುತ್ತಾ ಹೋಗಿ, ಅದನ್ನು ತಿದ್ದಿ, ಮತ್ತೆ ಮೊದಲಿನಿಂದ. ಒಂದಿಷ್ಟೂ ಬೇಸರವಿಲ್ಲ. ಟೈಪ್ ಮಾಡುವಾಗ ಮೌಸ್ ಮುಟ್ಟಲು ಸಾರು ಬಿಡುತ್ತಿರಲಿಲ್ಲ, ಬೇರೆ ದಾರಿಯನ್ನು ಇನ್ನೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ನಾನೂ ಹಾಗೇ ಮಾಡುತ್ತಿದ್ದೆ, ನನ್ನ ತಪ್ಪು ನನಗೆ ಕಾಣುತ್ತಿದ್ದದ್ದೇ ಕಡಿಮೆ ಎನ್ನುವುದು ಬೇರೆ ಮಾತು.

ಎರಡನೆಯ ಅಮಾವಾಸ್ಯೆಯ ದಿನ ಸಾರು ಎರಡು ವಿಷಯ ಹೇಳಿದರು. ಮೊದಲನೆಯದು, ಕೀಬೋರ್ಡಿನ ಬಲಗಡೆ ಕೆಳಗಿರುವ ನಾಲ್ಕು ಬಾಣಗಳು. ಇವನ್ನು ಒತ್ತಿ ಎಲ್ಲಿ ಬೇಕಾದರೂ ಹೋಗಿ, ಆ ಒಂದಕ್ಷರ ತಿದ್ದಿ ಬರಬಹುದು, ಮಿಕ್ಕಿದ್ದನ್ನು ಮುಟ್ಟಬೇಕಾಗಿಲ್ಲ. ಎರಡನೆಯದು, ಕೋರ್ಸಿನ ಕೊನೆಗೆ ಟೈಪಿಂಗ್ ಪರೀಕ್ಷೆ ಇಡುತ್ತಾರೆ, ಅದರಲ್ಲಿ ಮೊದಲು ಬಂದವರನ್ನು ಮುಂದಿನ ಬ್ಯಾಚಿಗೆ ಹೇಳಿಕೊಡಲು ಸೆಂಟರಿನಲ್ಲೇ ಇಟ್ಟುಕೊಳ್ಳುತ್ತಾರೆ.

ನನ್ನ ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು. ಕೆಲಸ ಸಿಕ್ಕಿದರೆ ಎರಡು ವರ್ಷ ತಳ್ಳಬಹುದು. ಪದ್ದಿಯ ಮನೆಯಲ್ಲಿ ಅಪ್ಪ, "ಕಂಪ್ಯೂಟರಿಂದ ಕೆಲ್ಸ ಸಿಕ್ರೆ ಓದು ಮುಂದಕ್ಕೆ, ಇಲ್ದಿದ್ರೆ ಮಗ್ಗಕ್ಕೆ ಕೂತ್ಕೋ" ಎಂದಿದ್ದರು. ಅವಳಿಗೆ ಆ ಕೋಣೆ ಎಷ್ಟು ಬೇಕಾಗಿತ್ತು ಎಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ.

ಮರುದಿನ ಬಂದಳು. ಬಟ್ಟೆ ಮಡಿಸುತ್ತಾ ಕೇಳಿದಳು, "ನೆನ್ನೆ ಏನು ಹೇಳ್ಕೊಟ್ರೇ?"

ಪರೀಕ್ಷೆಯ ವಿಷಯ ಹೇಳಿದೆ. ಕೆಲಸದ ವಿಷಯವೂ ಹೇಳಿದೆ. "ಪಾಠ?" ಎಂದಳು.

"ಏನಿಲ್ಲ ಬುಡು. ಹಳೇದೇ" ಎಂದೆ.

ನಾಳೆ ಹೇಳಿದರಾಯಿತು ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ನಾಳೆಗೆ ಇನ್ನೊಂದು ನಾಳೆ ಸಿಕ್ಕಿತು. ಅವಳ ಪಕ್ಕದಲ್ಲಿ ಕೂತಾಗ ನಾನು ಬಾಣದ ಕೀಲಿ ಮುಟ್ಟುತ್ತಲೇ ಇರಲಿಲ್ಲ, ಅವಳಂತೆಯೇ ಅಳಿಸುತ್ತಿದ್ದೆ. ಅಷ್ಟು ಕಷ್ಟಪಟ್ಟು ನಾನು ಬೇರೆ ಯಾವುದನ್ನೂ ಮುಚ್ಚಿಟ್ಟಿಲ್ಲ.

ಪರೀಕ್ಷೆಯ ದಿನ ಅರ್ಧ ಗಂಟೆ, ಒಂದು ಪುಟ. ಆವತ್ತು ಒಂದೊಂದು ಕಂಪ್ಯೂಟರಿಗೆ ಒಬ್ಬೊಬ್ಬರು, ಆರು ಜನರ ಮೊದಲ ತಂಡದಲ್ಲಿ ನಾವಿಬ್ಬರೂ ಅಕ್ಕಪಕ್ಕ. ಅವಳ ಪುಟ ಮುಗಿಯಲು ಎರಡೇ ಸಾಲು ಬಾಕಿ ಇದ್ದಾಗ ನಾನು ಅರ್ಧದಲ್ಲಿದ್ದೆ. ಆಗ ಅವಳ ಕೈ ನಿಂತಿತು. ಕಣ್ಣು ಮೇಲೆ ಹೋಯಿತು. ಎರಡನೆಯ ಸಾಲಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ನನಗೂ ಕಂಡಿತು. ಅವಳು ಉಸಿರೊಂದು ಎಳೆದುಕೊಂಡು ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು. ಇಡೀ ಪುಟ ಬಿಚ್ಚಿಕೊಂಡು ಹೋಯಿತು. ನಾನು ನನ್ನ ಪರದೆ ನೋಡುತ್ತಾ ಟೈಪ್ ಮಾಡುತ್ತಲೇ ಇದ್ದೆ. ಹೊತ್ತಾಯಿತು ಎಂದಾಗ ಅವಳ ಪುಟದಲ್ಲಿ ಆರು ಸಾಲಿತ್ತು, ಒಂದೂ ತಪ್ಪಿಲ್ಲದ ಆರು ಸಾಲು.

ಸಾರು ಅವಳ ಪರದೆ ನೋಡಿ ತಲೆಯಾಡಿಸಿದರು. "ಚೇತುಲು ಬಂಗಾರಂ. ಬುರ್ರಲೋನೇ ಏಮೀ ಲೇದು" ಎಂದರು. ಕೈ ಬಂಗಾರ, ತಲೆಯಲ್ಲಿ ಮಾತ್ರ ಏನೂ ಇಲ್ಲ. ಎಲ್ಲರೂ ನಕ್ಕರು. ಪದ್ದಿಯೂ ನಕ್ಕಳು. ಹೋಗುವಾಗ ರೇಷ್ಮೆಯ ಬಟ್ಟೆಯನ್ನು ನೀಟಾಗಿ ಹೊದಿಸಿ ಹೋದಳು, ತೆಗೆದುಕೊಂಡು ಹೋಗಲಿಲ್ಲ.

ಕೆಲಸ ನನಗೆ ಸಿಕ್ಕಿತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಈ ಕಲ್ಯಾಣದುರ್ಗದ ಲ್ಯಾಬಿಗೆ ಬಂದೆ. ಜನ ನನ್ನನ್ನು ಕಂಪ್ಯೂಟರ್ ಮೇಡಂ ಎನ್ನುತ್ತಾರೆ. ಕೇಳಲು ಚೆನ್ನಾಗಿಯೇ ಇರುತ್ತದೆ.

ಏಳೆಂಟು ವರ್ಷದ ಕೆಳಗೆ ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಪದ್ದಿ ಸಿಕ್ಕಿದ್ದಳು. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಮದುವೆಯಾಗಿ ಮಗ್ಗದ ಮೇಲೆ ಕೂತವಳು. ಕೈಯಲ್ಲಿ ಸೀರೆಯ ಗಂಟು, ಪಕ್ಕದಲ್ಲಿ ಮಗಳು. "ನೀನು ಕಾಲೇಜಲ್ಲಿ ಹೇಳ್ಕೊಡ್ತೀಯಂತಲ್ಲೇ, ಕೇಳಿ ಖುಷಿಯಾಯ್ತು ಕಣೇ" ಎಂದು ನನ್ನ ಕೆನ್ನೆ ಮುಟ್ಟಿದಳು. "ನಂಗೆ ಅದು ತಲೆಗೆ ಹತ್ಲೇ ಇಲ್ಲ ನೋಡು. ಸಾರು ಸರಿಯಾಗೇ ಹೇಳಿದ್ರು." ಮಗಳ ಜಡೆ ಸವರುತ್ತಾ, "ಇವ್ಳಿಗೂ ನನ್ ತಲೇನೇ ಬಂದೈತೇನೋ ಅಂತ ಭಯ" ಎಂದಳು. ನನ್ನ ಬಸ್ಸು ಬಂದಿರಲಿಲ್ಲ. ಬಂತು ಎಂದು ಹೇಳಿ ಯಾವುದೋ ಬಸ್ಸು ಹತ್ತಿದೆ.

ಆ ಮೇಲೆ ಎಷ್ಟು ಸಲ ಹಿಂದೂಪುರಕ್ಕೆ ಹೋಗಿದ್ದೇನೆ, ಆ ಬೀದಿ ಬಿಟ್ಟು ಸುತ್ತಿಕೊಂಡು. ಸ್ನೇಹಿತರು ನನಗೆ ಆಮೇಲೂ ಆದರು, ಬುತ್ತಿ ಹಂಚಿಕೊಂಡವರೂ ಇದ್ದಾರೆ. ಆದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಹೊತ್ತು ಹೋದದ್ದೇ ಗೊತ್ತಾಗದಂಥ ಬೆರಳುಗಳು ಮತ್ತೆ ಸಿಗಲಿಲ್ಲ. ಲ್ಯಾಬಿನಲ್ಲಿ ಮೂವತ್ತು ಕೀಬೋರ್ಡು ಒಟ್ಟಿಗೆ ಸದ್ದು ಮಾಡುವಾಗ ನಾನು ಆ ಒಂದು ಸದ್ದನ್ನು ಹುಡುಕುತ್ತಿರುತ್ತೇನೆ. ಅವಳು ಬೇಕು ಅನಿಸುತ್ತದೆ, ಅಷ್ಟೇ. ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲ.

ರೋಜಾಳ ವಿಷಯಕ್ಕೆ ಬರುತ್ತೇನೆ. ಮರುದಿನ ಲ್ಯಾಬಿಗೆ ಹೋದವಳೇ ಅವಳ ಬೆರಳು ಹಿಡಿದು ಬಾಣದ ಮೇಲಿಟ್ಟೆ. ಪರದೆಯ ಮೇಲೆ ಮಿನುಗುವ ಗೆರೆ ಹಿಂದಕ್ಕೆ ಹೋಯಿತು, ಮೇಲಕ್ಕೆ ಹೋಯಿತು, ತಪ್ಪಿದ ಅಕ್ಷರದ ಪಕ್ಕ ನಿಂತಿತು. ಅವಳು ತಿದ್ದಿದಳು. ಮುಖ ಅರಳಿತು. ಆಮೇಲೆ ನನ್ನ ಕಡೆ ತಿರುಗಿ, ಯಾವ ದೂರೂ ಇಲ್ಲದ ದನಿಯಲ್ಲಿ ಕೇಳಿದಳು, "ನೆನ್ನೇನೇ ಯಾಕೆ ಹೇಳ್ಲಿಲ್ಲ ಮೇಡಂ?"

ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಆ ದಿನವಾದರೆ ಪದ್ದಿ ಮಗ್ಗದ ಮೇಲಿರುವುದಿಲ್ಲ.

ಎರಡು ಬಸ್ಸು ಬದಲಾಯಿಸಿ ಹಿಂದೂಪುರದಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಬೀದಿಯಲ್ಲಿ ಸದ್ದಿಲ್ಲ. ಪದ್ದಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಕನ್ನಡಕ ಬಂದಿತ್ತು. "ಯಾವ ಗಾಳಿ ಬೀಸ್ತೇ?" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನೂ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡೆ. ಬಿಡಿಸುತ್ತಾ ಬಿಡಿಸುತ್ತಾ, ಅವಳ ಮುಖ ನೋಡದೆ, ಎಲ್ಲ ಹೇಳಿದೆ. ಅಮಾವಾಸ್ಯೆಯ ಪಾಠ, ನಾಲ್ಕು ಬಾಣ, ಹಳೇದೇ ಎಂದದ್ದು.

ಅವಳ ಕೈ ನಿಂತಿತು. "ಎಷ್ಟು ದಿನ ಗೊತ್ತಿತ್ತು ನಿಂಗೆ?"

"ಹದಿನೈದು ದಿನ."

"ಹದಿನೈದು ದಿನ ನನ್ ಪಕ್ಕದಲ್ಲೇ ಕುಂತಿದ್ದೆ" ಎಂದಳು. ಎದ್ದು ಒಳಗೆ ಹೋದಳು.

ಬಹಳ ಹೊತ್ತು ಬರಲಿಲ್ಲ. ಎದ್ದು ಹೋಗಿಬಿಡಲೇ ಎಂದು ಎರಡು ಸಲ ಅಂದುಕೊಂಡೆ. ಮೊರದಲ್ಲಿದ್ದ ಕಾಯಿ ಅಷ್ಟನ್ನೂ ಬಿಡಿಸಿ ಮುಗಿಸಿದೆ. ಅವಳು ಮುಖ ತೊಳೆದುಕೊಂಡು ಬಂದು ಬಾಗಿಲಿಗೆ ಒರಗಿ ನಿಂತಳು.

"ಮಗ್ಳು ಡಿಗ್ರೀಲಿ ಕಂಪ್ಯೂಟರ್ ತಗತೀನಿ ಅಂದಾಗ ಒಂದು ವಾರ ಜಗಳ ಆಡಿದ್ದೆ ಕಣೇ. ನಮ್ ವಂಶಕ್ಕೆ ಅದು ಹತ್ತಲ್ಲ ಅಂತ." ಸೆರಗಿನಿಂದ ಕನ್ನಡಕ ಒರೆಸಿದಳು. "ಅವ್ಳು ಕೇಳ್ಲಿಲ್ಲ ಬುಡು. ತಗಂಡ್ಳು."

ತಪ್ಪಾಯಿತು ಎಂಬ ಮಾತು ಬಾಯಿಗೆ ಬಂತು, ಇಪ್ಪತ್ತೆರಡು ವರ್ಷಕ್ಕೆ ಅದು ತೀರಾ ಚಿಕ್ಕದಾಗಿ ಕಂಡಿತು. ಆದರೂ ಹೇಳಿದೆ.

ಅವಳು ಬಾಗಿಲು ಬಿಟ್ಟು ಒಳಕ್ಕೆ ಸರಿದಳು. "ಎಲ್ಲೈತೆ ಆ ಕೀಲಿ?" ಎಂದಳು. ಒಳಗೆ ಗೋಡೆಯ ಗೂಡಿನಲ್ಲಿ ಮಗಳ ಲ್ಯಾಪ್‌ಟಾಪ್ ಇತ್ತು, ಮೇಲೆ ಬಾರ್ಡರ್ ತಪ್ಪಿದ ಇನ್ನೊಂದು ರೇಷ್ಮೆಯ ತುಂಡು. ನಾನು ಎದ್ದು ಅದರ ಕಡೆ ಹೆಜ್ಜೆ ಇಟ್ಟೆ.

"ಇವತ್ತು ಅಮಾಸೆ. ನಾಳೆ ತೋರ್ಸು" ಎಂದಳು.

"ನಾಳೆ ಕಾಲೇಜು ಐತೆ ಪದ್ದಿ. ಇನ್ನೊಂದ್ಸಲ ಬತ್ತೀನಿ."

"ಆವತ್ತೂ ಹಂಗೇ ಅಂದ್ಕಂಡೆ ಅಲ್ವಾ? ಇದ್ದು ತೋರ್ಸಿ ಹೋಗು."

ಇದ್ದೆ. ಊಟದಲ್ಲಿ ಅವರೆಕಾಳಿನ ಸಾರು, ಮುದ್ದೆ. ಬೆಳಿಗ್ಗೆ ಅವಳು ಸ್ನಾನ ಮಾಡಿ, ಮಗಳನ್ನು ಕೇಳಿ, ಬಟ್ಟೆ ಮಡಿಸಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಳು. ಬೆರಳುಗಳು ಮೊದಲು ತಡಕಾಡಿದವು, ಆಮೇಲೆ ದಾರಿ ನೆನಪಾಯಿತು. ತನ್ನ ಹೆಸರು, ಅಪ್ಪನ ಹೆಸರು, ಬೀದಿ, ಊರು, ಮಗಳ ಹೆಸರು, ಮಗಳು ಓದುತ್ತಿರುವ ಡಿಗ್ರಿ, ಇಷ್ಟನ್ನು ಹೊಡೆದಳು. ಎರಡನೆಯ ಸಾಲಿನಲ್ಲಿ ಅಪ್ಪನ ಹೆಸರಿನ ಒಂದಕ್ಷರ ಬಿಟ್ಟುಹೋಗಿತ್ತು. ಅವಳ ಬೆರಳು ಅಳಿಸುವ ಕೀಲಿಯ ಕಡೆಗೆ ಹೊರಟಿತು. ನಾನು ಆ ಬೆರಳನ್ನು ಹಿಡಿದು ಬಾಣದ ಮೇಲಿಟ್ಟೆ.

"ಒಕಟಿ, ರೆಂಡು, ಮೂಡು, ನಾಲುಗು" ಎಂದು ಎಳೆ ಎಣಿಸುವ ಹಾಗೆ ತೆಲುಗಿನಲ್ಲಿ ಎಣಿಸಿಕೊಳ್ಳುತ್ತಾ ಗೆರೆಯನ್ನು ಸಾಲು ಸಾಲಾಗಿ ಮೇಲಕ್ಕೆ ಏರಿಸಿದಳು. ಅಕ್ಷರ ಸೇರಿಸಿದಳು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಪರದೆಯ ಕೆಳಭಾಗವನ್ನು, ಊರನ್ನು, ಮಗಳ ಹೆಸರನ್ನು, ಡಿಗ್ರಿಯನ್ನು ನೋಡುತ್ತಾ ಕೂತಳು.

"ಮಿಕ್ಕಿದ್ದೆಲ್ಲಾ ಹಂಗೇ ಐತಲ್ಲೇ" ಎಂದಳು.